ಗೋಬಿಯ ಬಣ್ಣ ಹಿಡಿದಿರಿ, ಸಲಾಡ್ ಡಬ್ಬಿಯನ್ನೂ ತೆರೆದು ನೋಡಿ: ಆಹಾರ ಸುರಕ್ಷತಾ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಆಹಾರ ಸುರಕ್ಷತಾ ಆಯುಕ್ತರಿಗೆ,

ನಮಸ್ಕಾರ.

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಬೆರೆಸಬಾರದು ಅಂತ ಸರ್ಕಾರ ಆದೇಶ ಮಾಡಿತು. ಜೂನ್‌ನಲ್ಲಿ ಕಬಾಬ್ ಸರದಿ ಬಂತು. ಅದಾದ ಮೇಲೆ ಪಾನಿಪುರಿ. 2025ರ ಶುರುವಿನಲ್ಲಿ ಇಡ್ಲಿ ತಟ್ಟೆಗೆ ಹಾಸುವ ಪ್ಲಾಸ್ಟಿಕ್ ಹಾಳೆ. ಎಲ್ಲವೂ ಬೇಕಾಗಿದ್ದ ಕ್ರಮಗಳೇ. ನಮ್ಮ ಬೀದಿಯ ಗೋಬಿ ಗಾಡಿಯವನು ಈಗ ಕೆಂಪು ಪುಡಿ ಮುಟ್ಟುವುದಿಲ್ಲ. ಕೇಳಿದರೆ "ಫೈನ್ ಹಾಕ್ತಾರೆ ಮೇಡಂ" ಅಂತಾನೆ. ಇಲಾಖೆಯ ಮಾತು ಗಾಡಿಯವರೆಗೂ ಮುಟ್ಟಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ ಅದೇ ಗಾಡಿಯಲ್ಲಿ ಇನ್ನೊಂದು ಡಬ್ಬಿ ಇದೆ. ಗೋಬಿ ಬಾಣಲೆಯಿಂದ ಇಳಿದ ಮೇಲೆ ಅದರ ಮೇಲೆ ಉದುರಿಸಲು ಹೆಚ್ಚಿಟ್ಟ ಹಸಿ ಎಲೆಕೋಸು, ಈರುಳ್ಳಿ, ಕೊತ್ತಂಬರಿ. ಸಂಜೆ ನಾಲ್ಕಕ್ಕೆ ಹೆಚ್ಚಿದ್ದು ರಾತ್ರಿ ಹತ್ತರವರೆಗೂ ನಡೆಯುತ್ತೆ. ಬಣ್ಣ ಹೋಯಿತು, ಆ ಡಬ್ಬಿ ಹಾಗೇ ಉಳಿಯಿತು. ಅದನ್ನು ಯಾರೂ ಕೇಳಲಿಲ್ಲ, ಯಾಕೆಂದರೆ ಅದರಲ್ಲಿ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಟಿವಿ ಕ್ಯಾಮೆರಾಕ್ಕೂ ಏನೂ ಸಿಗುವುದಿಲ್ಲ.

ಈ ಪತ್ರ ಅಂಥ ಡಬ್ಬಿಗಳ ಬಗ್ಗೆ. ಪಾರ್ಕ್ ಗೇಟಿನ ಮೊಳಕೆಕಾಳು, ಸೂಪರ್ ಮಾರ್ಕೆಟ್ ಫ್ರಿಜ್ಜಿನಲ್ಲಿರುವ ಹೆಚ್ಚಿದ ತರಕಾರಿ ಪ್ಯಾಕೆಟ್, ಆ್ಯಪ್‌ನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಮನೆ ಬಾಗಿಲಿಗೆ ಬರುವ ಸಲಾಡ್ ಬೌಲ್, ಢಾಬಾದಲ್ಲಿ ಕೇಳದಿದ್ದರೂ ತಂದಿಡುವ ಈರುಳ್ಳಿ–ಸೌತೆಕಾಯಿ ತಟ್ಟೆ. ಇವುಗಳಲ್ಲಿ ಇರಬಹುದಾದ ಬ್ಯಾಕ್ಟೀರಿಯಾವನ್ನು ನಮ್ಮ ರಾಜ್ಯದಲ್ಲಿ ಯಾರು ನೋಡುತ್ತಿದ್ದಾರೆ? ಎಲ್ಲಿ, ಎಷ್ಟು ಸಲ?

ನಾನು ಬೆಂಗಳೂರಿನ ಒಂದು ಖಾಸಗಿ ಆಹಾರ ಪರೀಕ್ಷಾ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಸೂಕ್ಷ್ಮಜೀವಿ ವಿಭಾಗದಲ್ಲಿ. ಲ್ಯಾಬ್ ಹೆಸರು ಹೇಳುವುದಿಲ್ಲ. ನಾನು ಅವರ ಪರವಾಗಿ ಬರೆಯುತ್ತಿಲ್ಲ, ಅವರನ್ನು ಕೇಳಿಯೂ ಇಲ್ಲ.

ನಮ್ಮ ಕೆಲಸ ಹೀಗಿರುತ್ತೆ. ಸಲಾಡ್ ಡಬ್ಬಿ ಬಂದರೆ 25 ಗ್ರಾಂ ತೂಗಿ, ಅದನ್ನು 225 ಎಂ.ಎಲ್. ದ್ರಾವಣದ ಜೊತೆ ಚೀಲಕ್ಕೆ ಹಾಕಿ ಮೆಷಿನ್‌ನಲ್ಲಿ ಬಡಿಯುತ್ತೇವೆ. ಆ ನೀರನ್ನು ಮತ್ತೆ ಮತ್ತೆ ತೆಳು ಮಾಡಿ, ಬ್ಯಾಕ್ಟೀರಿಯಾ ಬೆಳೆಸುವ ಬೇರೆ ಬೇರೆ ಅಗರ್ ತಟ್ಟೆಗಳಿಗೆ ಹಚ್ಚಿ, 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಇಟ್ಟು ಮನೆಗೆ ಹೋಗುತ್ತೇವೆ. ಬೆಳಿಗ್ಗೆ ಬಂದು ಇಎಂಬಿ ಅನ್ನುವ ತಟ್ಟೆಯನ್ನು ತೆರೆದಾಗ ಕೆಲವು ಸಲ ಅದರ ಮೇಲೆ ಜೀರುಂಡೆಯ ರೆಕ್ಕೆಯಂಥ ಹಸಿರು ಲೋಹದ ಹೊಳಪಿನ ಚುಕ್ಕೆಗಳು ಇರುತ್ತವೆ. ತಟ್ಟೆಯನ್ನು ಸ್ವಲ್ಪ ವಾರೆ ಮಾಡಿ ಬೆಳಕಿಗೆ ಹಿಡಿದರೆ ಮಿನುಗುತ್ತವೆ. ನೋಡಲು ಬಹಳ ಚೆಂದ. ಅದು ಇ. ಕೋಲಿ. ಮನುಷ್ಯರ, ದನಕರುಗಳ ಕರುಳಲ್ಲಿ ಇರುವ ಬ್ಯಾಕ್ಟೀರಿಯಾ. ಅದರಲ್ಲಿ ಬಹುಪಾಲು ನಿರುಪದ್ರವಿ. ಆದರೆ ಸಲಾಡ್‌ನಲ್ಲಿ ಅದು ಸಿಕ್ಕಿತು ಅಂದರೆ ಎಲ್ಲೋ ಒಂದು ಕಡೆ, ಹೊಲದಲ್ಲೋ ಮಾರ್ಕೆಟ್ಟಿನಲ್ಲೋ ಬಕೆಟ್ಟಿನಲ್ಲೋ ಕೈಯಲ್ಲೋ, ಮಲದ ಅಂಶ ಅದಕ್ಕೆ ತಾಗಿದೆ ಅಂತ ಅರ್ಥ. ಒಂದು ನಿರುಪದ್ರವಿ ಬಂದ ದಾರಿಯಲ್ಲೇ ಜ್ವರ ಭೇದಿ ತರುವ ಸಾಲ್ಮೊನೆಲ್ಲಾ ಬರಬಹುದು, ರಕ್ತಭೇದಿ ತರುವ ಶಿಗೆಲ್ಲಾ ಬರಬಹುದು, ಕಾಲರಾ ಬರಬಹುದು, ಕಿಡ್ನಿ ಹಾಳು ಮಾಡುವ ಇ. ಕೋಲಿ ಒ157 ಬರಬಹುದು. ಈ ಕೊನೆಯದಕ್ಕಂತೂ ನೂರು ಜೀವಕೋಶಗಳೂ ಬೇಡ, ಅದಕ್ಕಿಂತ ಕಮ್ಮಿ ಹೊಟ್ಟೆಗೆ ಹೋದರೂ ಸಾಕು.

ಸಾಂಬಾರಿಗೆ ಹಾಕುವ ತರಕಾರಿಗೆ ಇವೆಲ್ಲ ತಾಗಿರುವುದಿಲ್ಲವೇ? ತಾಗಿರುತ್ತವೆ. ಆದರೆ ಅದು ಒಲೆ ಮೇಲೆ ಕುದಿಯುತ್ತೆ. ಕುದಿ ಬಂದರೆ ಇವು ಯಾವುವೂ ಉಳಿಯುವುದಿಲ್ಲ. ಸಲಾಡ್‌ಗೆ ಒಲೆಯೇ ಇಲ್ಲ. ಹೊಲದಿಂದ ತಟ್ಟೆಯವರೆಗೆ ಆದ ಎಲ್ಲ ಎಡವಟ್ಟೂ ಸೀದಾ ಬಾಯಿಗೆ.

"ತೊಳೆದರೆ ಆಯ್ತಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ತೊಳೆಯಬೇಕು, ಅನುಮಾನವೇ ಇಲ್ಲ. ಆದರೆ ಚೆನ್ನಾಗಿ ತೊಳೆದರೂ ಬ್ಯಾಕ್ಟೀರಿಯಾ ಸಾಮಾನ್ಯವಾಗಿ 90ರಿಂದ 99 ಶೇಕಡಾ ಕಡಿಮೆಯಾಗುತ್ತೆ, ಅಷ್ಟೇ. ಕೇಳಲು ದೊಡ್ಡದು. 10 ಲಕ್ಷ ಇದ್ದದ್ದು 10 ಸಾವಿರಕ್ಕೆ ಇಳಿದರೂ ಅದು 99 ಶೇಕಡಾವೇ. ಉಪ್ಪು ನೀರಲ್ಲಿ ಅದ್ದಿದರೆ ಹುಳ, ಮಣ್ಣು ಹೋಗುತ್ತೆ, ಬ್ಯಾಕ್ಟೀರಿಯಾ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಎಲೆಯ ಸಣ್ಣ ರಂಧ್ರಗಳಲ್ಲಿ, ಹೆಚ್ಚಿದ ಅಂಚುಗಳಲ್ಲಿ ಅವು ಅಂಟಿಕೊಂಡು ಕೂತಿರುತ್ತವೆ. ಹೆಚ್ಚಿದ ಕ್ಷಣದಿಂದ ತರಕಾರಿಯ ರಸ ಹೊರಗೆ ಬರುತ್ತೆ, ಅದೇ ಅವುಗಳ ಊಟ. ಊಟವೂ ಬೆಚ್ಚಗಿನ ಜಾಗವೂ ಸಿಕ್ಕರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡರಷ್ಟಾಗಬಲ್ಲದು. ಇಡೀ ಸೌತೆಕಾಯಿ ಗಾಡಿ ಮೇಲೆ ಇಡೀ ದಿನ ಇದ್ದರೂ ನನಗೆ ಅಷ್ಟು ಚಿಂತೆ ಇಲ್ಲ. ಸುಲಿದು, ಸೀಳಿ, ಉಪ್ಪು ಖಾರ ಸವರಿ ಬಿಸಿಲಿಗಿಟ್ಟ ಸೌತೆಕಾಯಿ ಬೇರೆಯೇ ವಸ್ತು.

ನಮ್ಮ ಅಡುಗೆಯಲ್ಲಿ ಇದಕ್ಕೆ ಒಂದು ಲೆಕ್ಕ ಮೊದಲಿಂದ ಇತ್ತು. ಕೋಸಂಬರಿಯನ್ನು ಯಾರೂ ಬೆಳಿಗ್ಗೆ ಮಾಡಿ ರಾತ್ರಿಗೆ ಇಡುವುದಿಲ್ಲ. ಹೆಸರುಬೇಳೆ ನೆನೆಯುವುದು ಒಂದೆರಡು ಗಂಟೆ ಮಾತ್ರ, ಉಪ್ಪು ಕೊನೆಗೆ, ಬಡಿಸುವ ಹೊತ್ತಿಗೆ. ನೀರು ಬಿಡುತ್ತೆ ಅನ್ನುವುದು ಅಡುಗೆ ಮಾಡುವವರ ಕಾರಣ. ಸೂಕ್ಷ್ಮಜೀವಿ ಲೆಕ್ಕದಲ್ಲೂ ಅದು ಸರಿಯಾದ ಕ್ರಮವೇ. ರಾಮನವಮಿಗೆ ರಸ್ತೆ ಬದಿ ಪೆಂಡಾಲಿನಲ್ಲಿ ದೊಡ್ಡ ಪಾತ್ರೆ ತುಂಬ ಕಲಸಿ ಮಧ್ಯಾಹ್ನದವರೆಗೂ ಹಂಚುವುದು ಆಮೇಲೆ ಬಂದದ್ದು. ಏಪ್ರಿಲ್ ಬಿಸಿಲು ಬೇರೆ.

ಮೊಳಕೆಕಾಳಿನ ಕಥೆ ಕೋಸಂಬರಿಗಿಂತ ಗಂಭೀರ. ಬೆಂಗಳೂರಿನ ಯಾವುದೇ ದೊಡ್ಡ ಪಾರ್ಕಿನ ಗೇಟಿನ ಹತ್ತಿರ ಬೆಳಿಗ್ಗೆ ಆರೂವರೆಗೆ ಹೋಗಿ ನಿಂತು ನೋಡಿ. ಮೇಜಿನ ಮೇಲೆ ಸ್ಟೀಲ್ ಡಬ್ಬಗಳು, ಅದರಲ್ಲಿ ಹೆಸರುಕಾಳು, ಕಡಲೆಕಾಳು, ಮೆಂತ್ಯ, ಎಲ್ಲಕ್ಕೂ ಮೊಳಕೆ ಬಂದಿರುತ್ತೆ. ಪಕ್ಕದಲ್ಲಿ ಬೂದುಗುಂಬಳದ ರಸ, ಗರಿಕೆ ರಸ. ಗಿರಾಕಿಗಳು ಯಾರು? ವಾಕಿಂಗ್ ಮುಗಿಸಿದ ಹಿರಿಯರು, ಶುಗರ್ ಇರುವವರು, ಬೈಪಾಸ್ ಆದವರು. ಡಾಕ್ಟರ್ ಹೇಳಿದ್ದಾರೆ ಅಂತ ತಿನ್ನುವವರು. ಮಾರುವ ಹೆಂಗಸು ಅಚ್ಚುಕಟ್ಟಾಗಿಯೇ ಇರುತ್ತಾಳೆ. ಆದರೆ ಅವಳ ಹತ್ತಿರ ಇರುವುದು ಒಂದೇ ಬಕೆಟ್ ನೀರು. ಚಮಚ ಅದ್ದುವುದು ಅದರಲ್ಲೇ, ಲೋಟ ಅದ್ದುವುದು ಅದರಲ್ಲೇ, ಚಾಕು ಒರೆಸುವ ಬಟ್ಟೆ ಹಿಂಡುವುದೂ ಅದರಲ್ಲೇ. ಎಂಟು ಗಂಟೆ ಹೊತ್ತಿಗೆ ಬಕೆಟ್ ತಳ ಕಾಣುವುದಿಲ್ಲ. ಅವಳನ್ನು ಬೈದು ಏನು ಪ್ರಯೋಜನ? ಇನ್ನೊಂದು ಬಕೆಟ್ ನೀರು ಅಲ್ಲಿ ಎಲ್ಲಿಂದ ತರಬೇಕು?

ಕಾಳು ಮೊಳಕೆ ಬರಲು ಏನು ಬೇಕು? ತೇವ, ಬೆಚ್ಚಗಿನ ಜಾಗ, ಒಂದೆರಡು ದಿನದ ಸಮಯ. ನಾವು ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಕೊಡುವುದೂ ಹೆಚ್ಚುಕಮ್ಮಿ ಅದನ್ನೇ. ಕಾಳಿನ ಸಿಪ್ಪೆಯ ಬಿರುಕಿನಲ್ಲಿ ನಾಲ್ಕೇ ನಾಲ್ಕು ಕೂತಿದ್ದರೂ ಮೊಳಕೆ ಬರುವ ಹೊತ್ತಿಗೆ ಅವು ಲಕ್ಷಗಟ್ಟಲೆ ಆಗಬಹುದು.

2011ರಲ್ಲಿ ಜರ್ಮನಿಯಲ್ಲಿ ಆದದ್ದು ಇದೇ, ಅದೂ ನಾವೂ ತಿನ್ನುವ ಮೆಂತ್ಯದಿಂದ. ಆ ವರ್ಷ ಮೇ ತಿಂಗಳಲ್ಲಿ ಉತ್ತರ ಜರ್ಮನಿಯ ಆಸ್ಪತ್ರೆಗಳಿಗೆ ರಕ್ತಭೇದಿಯ ರೋಗಿಗಳು ಬರತೊಡಗಿದರು. ಬಹಳ ಜನಕ್ಕೆ ಕಿಡ್ನಿ ಕೈಕೊಟ್ಟಿತು. ಸಾಮಾನ್ಯವಾಗಿ ಈ ಕಾಯಿಲೆ ಸಣ್ಣ ಮಕ್ಕಳಿಗೆ ಬರುವುದು. ಇಲ್ಲಿ ಬಂದವರಲ್ಲಿ ಹೆಚ್ಚಿನವರು ದೊಡ್ಡವರು, ಅದರಲ್ಲೂ ಹೆಂಗಸರು. ಆರೋಗ್ಯದ ಬಗ್ಗೆ ಕಾಳಜಿ ಇದ್ದು ಸಲಾಡ್ ತಿನ್ನುವವರು. ಮೊದಲು ಅಧಿಕಾರಿಗಳು ಸ್ಪೇನ್‌ನಿಂದ ಬಂದ ಸೌತೆಕಾಯಿ ಮೇಲೆ ಬೆರಳು ತೋರಿಸಿದರು. ಅದು ತಪ್ಪಾಗಿತ್ತು. ಆ ಸೌತೆಕಾಯಿಯಲ್ಲಿ ಸಿಕ್ಕ ಇ. ಕೋಲಿ ಬೇರೆ ತಳಿಯದು. ಅಷ್ಟರಲ್ಲಿ ಸ್ಪೇನ್ ರೈತರ ಮಾಲು ಹೊಲದಲ್ಲೇ ಕೊಳೆಯಿತು. ಕೊನೆಗೆ ಯುರೋಪಿಯನ್ ಒಕ್ಕೂಟ ತರಕಾರಿ ಬೆಳೆಗಾರರಿಗೆ 21 ಕೋಟಿ ಯುರೋ ಪರಿಹಾರ ಎತ್ತಿಡಬೇಕಾಯಿತು.

ನಿಜವಾದ ಕಾರಣ ಹೇಗೆ ಸಿಕ್ಕಿತು ಅನ್ನುವುದನ್ನು ನಿಮ್ಮ ಇಲಾಖೆಯ ಪ್ರತಿಯೊಬ್ಬ ಅಧಿಕಾರಿಯೂ ಓದಬೇಕು. ರೋಗಿಗಳನ್ನು ಏನು ತಿಂದಿರಿ ಅಂತ ಕೇಳಿದರೆ ಟೊಮೆಟೊ, ಸೌತೆಕಾಯಿ, ಲೆಟ್ಯೂಸ್ ಅಂದರು. ಮೊಳಕೆ ನೆನಪಾಗಿದ್ದು ಕೆಲವರಿಗೆ ಮಾತ್ರ. ಯಾಕೆಂದರೆ ಅದನ್ನು ಯಾರೂ ಬೇಕು ಅಂತ ಆರ್ಡರ್ ಮಾಡಿರಲಿಲ್ಲ, ಮೇಲೆ ಸುಮ್ನೆ ಉದುರಿಸಿದ್ದರು. ಆಗ ತನಿಖೆಯವರು ರೋಗಿಗಳ ನೆನಪು ಬಿಟ್ಟು ಹೋಟೆಲ್ ಅಡುಗೆಮನೆಗೆ ಹೋದರು. ಯಾರು ಯಾವ ತಿಂಡಿ ಆರ್ಡರ್ ಮಾಡಿದ್ದರು ಅಂತ ಬಿಲ್‌ಗಳಿಂದ ತೆಗೆದರು. ಆ ತಿಂಡಿಗೆ ಏನೇನು ಹಾಕಿದ್ದಿರಿ ಅಂತ ಬಾಣಸಿಗರನ್ನು ಕೇಳಿದರು. ಎಲ್ಲ ದಾರಿಯೂ ಬೀನೆನ್‌ಬ್ಯೂಟೆಲ್ ಅನ್ನುವ ಊರಿನ ಒಂದೇ ಮೊಳಕೆ ತೋಟಕ್ಕೆ ಹೋಗಿ ನಿಂತವು. ಅಲ್ಲಿಂದ ಈಜಿಪ್ಟ್‌ನಿಂದ ತರಿಸಿದ ಮೆಂತ್ಯ ಕಾಳಿಗೆ. ಫ್ರಾನ್ಸಿನ ಬೋರ್ಡೋ ಹತ್ತಿರ ಕಾಯಿಲೆ ಬಿದ್ದವರೂ ತಿಂದಿದ್ದು ಅದೇ ಮೂಲದ ಮೆಂತ್ಯದ ಮೊಳಕೆ. ಜರ್ಮನಿಯೊಂದರಲ್ಲೇ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 800ಕ್ಕೂ ಹೆಚ್ಚು ಜನರ ಕಿಡ್ನಿಗೆ ಹೊಡೆತ ಬಿತ್ತು. 50ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೂ ಮುಂಚೆ, 1996ರಲ್ಲಿ, ಜಪಾನಿನ ಸಾಕಾಯಿ ನಗರದಲ್ಲಿ ಶಾಲೆಯ ಊಟ ತಿಂದ ಸಾವಿರಾರು ಮಕ್ಕಳು ಹೀಗೇ ಮಲಗಿದ್ದರು. ಅಲ್ಲಿ ಅನುಮಾನ ಮೂಲಂಗಿ ಮೊಳಕೆಯ ಮೇಲೆ.

ಇದನ್ನೆಲ್ಲ ಹೆದರಿಸಲು ಬರೆಯುತ್ತಿಲ್ಲ. ಮೊಳಕೆಕಾಳು ನಾನೂ ತಿನ್ನುತ್ತೇನೆ, ಹಬೆಯಲ್ಲಿ ಬೇಯಿಸಿಕೊಂಡು. ನನ್ನನ್ನು ಕಾಡುವುದು ಬೇರೆ. ಜರ್ಮನಿಯಲ್ಲಿ ಇದು ಪತ್ತೆಯಾಗಲು ಕಾರಣ ಅಲ್ಲಿ ಕಿಡ್ನಿ ಕೆಡಿಸುವ ಈ ಭೇದಿಯನ್ನು ಡಾಕ್ಟರ್‌ಗಳು ಸರ್ಕಾರಕ್ಕೆ ತಿಳಿಸಲೇಬೇಕು ಅನ್ನುವ ಕಾನೂನು. ಅದೇ ಇಲ್ಲಿ ಆಗಿದ್ದರೆ? ಜಯನಗರದಲ್ಲಿ ಒಬ್ಬರಿಗೆ ಭೇದಿ, ಯಲಹಂಕದಲ್ಲಿ ಇನ್ನೊಬ್ಬರಿಗೆ, ತುಮಕೂರಲ್ಲಿ ಮತ್ತೊಬ್ಬರಿಗೆ. ಒಬ್ಬರು ಮೆಡಿಕಲ್ ಶಾಪ್‌ನಿಂದ ಮಾತ್ರೆ ತಗೊಂಡು ನುಂಗುತ್ತಾರೆ. ಇನ್ನೊಬ್ಬರು ಕ್ಲಿನಿಕ್‌ನಲ್ಲಿ ಡ್ರಿಪ್ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಮಲ ಪರೀಕ್ಷೆ ಯಾರೂ ಬರೆಯುವುದಿಲ್ಲ. "ನೀರು ಬದಲಾಯ್ತು, ಹೀಟ್ ಆಗಿದೆ." ಮುಗೀತು. ಮದುವೆ ಮನೆಯಲ್ಲಿ ನೂರು ಜನ ಒಟ್ಟಿಗೆ ವಾಂತಿ ಮಾಡಿದರೆ ಅದು ಸುದ್ದಿ, ಅದು ಲೆಕ್ಕಕ್ಕೆ ಸಿಗುತ್ತೆ. ಒಂದೇ ಕಾರ್ಖಾನೆಯ ಸಲಾಡ್ ತಿಂದ ನೂರು ಜನ ನೂರು ಬೀದಿಯಲ್ಲಿದ್ದರೆ ಅದು ಯಾರ ಲೆಕ್ಕದಲ್ಲೂ ಇಲ್ಲ.

ಕಾನೂನು ಇಲ್ಲ ಅಂತಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 35ನೇ ಸೆಕ್ಷನ್ ಇದಕ್ಕೇ ಇದೆ. ಗೊತ್ತುಪಡಿಸಿದ ಪ್ರದೇಶದ ಡಾಕ್ಟರ್‌ಗಳು ತಮ್ಮ ಗಮನಕ್ಕೆ ಬಂದ ಆಹಾರ ವಿಷಬಾಧೆಯ ಪ್ರಕರಣಗಳನ್ನು ವರದಿ ಮಾಡಬೇಕು ಅಂತ ಅಧಿಸೂಚನೆ ಹೊರಡಿಸುವ ಅಧಿಕಾರ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಗೆ ಇದೆ. ನೀವು ರಾಜ್ಯದ ಆಯುಕ್ತರಾಗಿ ಬೆಂಗಳೂರಿಗಾದರೂ ಇದನ್ನು ಜಾರಿ ಮಾಡಿ ಅಂತ ಅವರಿಗೆ ಬರೆಯಬಹುದು. ಈ ಪತ್ರದಲ್ಲಿ ನಾನು ಕೇಳುತ್ತಿರುವ ಎಲ್ಲದರಲ್ಲಿ ಇದೇ ಮುಖ್ಯ. ಕಾಯಿಲೆ ಎಲ್ಲಿದೆ ಅಂತ ಗೊತ್ತಾಗದೆ ಡಬ್ಬಿ ಹುಡುಕುವುದು ಹೇಗೆ?

ಇನ್ನು ನಮ್ಮ ಲ್ಯಾಬ್‌ಗಳ ವಿಷಯ. ಒಳಗಿನವಳಾಗಿ ಹೇಳುತ್ತೇನೆ. ಎಫ್‌ಎಸ್‌ಎಸ್‌ಎಐ ಮಾನದಂಡ ಕಡಿಮೆಯದೇನಲ್ಲ. ಹೆಚ್ಚಿ ಪ್ಯಾಕ್ ಮಾಡಿದ ಹಣ್ಣು ತರಕಾರಿಯ 25 ಗ್ರಾಂನಲ್ಲಿ ಸಾಲ್ಮೊನೆಲ್ಲಾ ಇರಕೂಡದು, ಲಿಸ್ಟೀರಿಯಾ ಮಾನೊಸೈಟೊಜೀನ್ಸ್ ಅನ್ನುವ ಬ್ಯಾಕ್ಟೀರಿಯಾ ಇರಕೂಡದು. ಲೈಸೆನ್ಸ್ ಇರುವ ತಯಾರಕರು 6 ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಮಾಡಿಸುತ್ತಾರೆ ಕೂಡ. ಆದರೆ ಸ್ಯಾಂಪಲ್ ಆರಿಸುವವರು ಯಾರು? ಅವರೇ. ಐಸ್ ಪ್ಯಾಕ್ ಹಾಕಿದ ಥರ್ಮೋಕೋಲ್ ಪೆಟ್ಟಿಯಲ್ಲಿ, ಆಗತಾನೇ ಪ್ಯಾಕ್ ಆದ, ನೀರಿನ ಹನಿಯೂ ಇಲ್ಲದ ಡಬ್ಬಿ ನಮ್ಮ ಟೇಬಲ್ಲಿಗೆ ಬರುತ್ತೆ. ಆ ಪೆಟ್ಟಿ ತೆರೆದಾಗಲೆಲ್ಲ ನನಗೆ ಅನ್ನಿಸುವುದು, ಗಿರಾಕಿಯ ಕೈಗೆ ಡಬ್ಬಿ ಹೀಗೆ ತಲುಪುತ್ತಾ ಅಂತ. ಅಂಗಡಿ ಫ್ರಿಜ್ಜಿನ ಬಾಗಿಲ ಹತ್ತಿರ ಎರಡು ದಿನ ಕೂತು, ಡೆಲಿವರಿ ಹುಡುಗನ ಬ್ಯಾಗಿನಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಬಂದ ಡಬ್ಬಿ ನಮ್ಮ ಲ್ಯಾಬ್‌ಗೆ ಬರುವುದಿಲ್ಲ. ಪಾರ್ಕ್ ಗೇಟಿನ ಮೊಳಕೆಕಾಳನ್ನಂತೂ ಯಾವ ಗಿರಾಕಿಯೂ ನಮ್ಮಲ್ಲಿಗೆ ತಂದು ಕೊಟ್ಟಿದ್ದು ನಾನು ನೋಡಿಲ್ಲ.

ಸಮಯದ್ದು ಇನ್ನೊಂದು ಪೇಚು. ಸಾಲ್ಮೊನೆಲ್ಲಾ ಇದೆಯೋ ಇಲ್ಲವೋ ಅಂತ ಸರಿಯಾಗಿ ಹೇಳಲು ಮೂರರಿಂದ ಐದು ದಿನ ಬೇಕು. ಲಿಸ್ಟೀರಿಯಾಕ್ಕೆ ಇನ್ನೂ ಜಾಸ್ತಿ, ವಾರದವರೆಗೂ ಹೋಗಬಹುದು. ಸಲಾಡ್‌ನ ಆಯುಸ್ಸೇ ಎರಡು ಮೂರು ದಿನ. ವರದಿ ಪ್ರಿಂಟ್ ಆಗುವ ಹೊತ್ತಿಗೆ ಡಬ್ಬಿ ಖಾಲಿಯಾಗಿ ಕಸದ ಗಾಡಿ ಸೇರಿರುತ್ತೆ. ಲೆಕ್ಕವೂ ನಮ್ಮ ಕಡೆ ಇಲ್ಲ. 100 ಡಬ್ಬಿಯಲ್ಲಿ 1ರಲ್ಲಿ ಮಾತ್ರ ರೋಗಾಣು ಇದೆ ಅಂದುಕೊಳ್ಳಿ. ನಾವು 5 ಡಬ್ಬಿ ಪರೀಕ್ಷೆ ಮಾಡಿದರೆ ಅದು ಸಿಗದೇ ಹೋಗುವ ಸಾಧ್ಯತೆ 95 ಶೇಕಡಾ. ಹಾಗಾಗಿ "ಟೆಸ್ಟ್ ಮಾಡಿಸಿದ್ದೇವೆ, ಪಾಸ್ ಆಗಿದೆ" ಅನ್ನುವ ಕಾಗದವನ್ನು ನೀವು ಒಪ್ಪಿಕೊಂಡು ಸುಮ್ಮನಾಗಬೇಡಿ. ಆ ಕಾಗದಕ್ಕೆ ಸಹಿ ಮಾಡುವವರ ಪಕ್ಕದಲ್ಲೇ ಕೂತು ಕೆಲಸ ಮಾಡುವವಳು ನಾನು.

ಮತ್ತೆ ಏನನ್ನು ನೋಡಬೇಕು? ನೀರನ್ನು. ತರಕಾರಿ ತೊಳೆಯುವ ತೊಟ್ಟಿಯ ನೀರು, ಐಸ್, ಹೆಚ್ಚುವ ಮಣೆ, ತುರಿಯುವ ಮೆಷಿನ್‌ನ ಬ್ಲೇಡಿನ ಸಂದಿ. ತೊಟ್ಟಿಯಲ್ಲಿ ಕ್ಲೋರಿನ್ ಎಷ್ಟಿದೆ ಅಂತ ತಿಳಿಯಲು ಲ್ಯಾಬ್ ಕೂಡ ಬೇಡ. ಒಂದು ಕಾಗದದ ಪಟ್ಟಿ ಅದ್ದಿದರೆ ನಿಮಿಷದಲ್ಲಿ ಬಣ್ಣ ಬದಲಾಗಿ ಹೇಳುತ್ತೆ. ತೊಟ್ಟಿಯ ಕ್ಲೋರಿನ್ ಮುಖ್ಯವಾಗಿ ಮಾಡುವುದು ಒಂದು ಕೆಟ್ಟ ಸೊಪ್ಪಿನ ಕಟ್ಟಿನಿಂದ ಮಿಕ್ಕ ನೂರು ಕಟ್ಟಿಗೆ ಬ್ಯಾಕ್ಟೀರಿಯಾ ಹರಡದಂತೆ ತಡೆಯುವುದು. ಕ್ಲೋರಿನ್ ಇಲ್ಲದ ತೊಟ್ಟಿಯಲ್ಲಿ ತೊಳೆಯುವುದು ಅಂದರೆ ಎಲ್ಲಕ್ಕೂ ಸಮನಾಗಿ ಹಚ್ಚುವುದು. 2024ರಲ್ಲಿ ಅಮೆರಿಕದಲ್ಲಿ ಬರ್ಗರ್ ತಿಂದು 100ಕ್ಕೂ ಹೆಚ್ಚು ಜನ ಇ. ಕೋಲಿ ಒ157ರಿಂದ ಕಾಯಿಲೆ ಬಿದ್ದಾಗ ಮೊದಲು ಮಾಂಸದ ಮೇಲೂ ಅನುಮಾನ ಬಂದಿತ್ತು. ಕೊನೆಗೆ ಕಾರಣ ಅಂತ ಸಿಕ್ಕಿದ್ದು ಅದರೊಳಗೆ ಹಾಕುವ, ಕಾರ್ಖಾನೆಯಲ್ಲಿ ಹೆಚ್ಚಿ ಕಳಿಸಿದ್ದ ಹಸಿ ಈರುಳ್ಳಿ.

ನೀರಿನ ಮಾತು ಹೊಲದಿಂದಲೇ ಶುರುವಾಗಬೇಕು. ಬೆಂಗಳೂರಿನ ಚರಂಡಿ ಹೊತ್ತ ವೃಷಭಾವತಿ ಬೈರಮಂಗಲ ಕೆರೆಗೆ ಹೋಗುತ್ತೆ, ಅದರ ಕೆಳಗಿನ ಜಮೀನುಗಳಿಗೆ ಆ ನೀರೇ ಗತಿ. ರೈತರು ಬೇಕು ಅಂತ ಆ ನೀರು ಹಾಯಿಸುತ್ತಿಲ್ಲ. ನಾವು ಕಳಿಸಿದ್ದನ್ನು ಅವರು ಬಳಸುತ್ತಿದ್ದಾರೆ. ಆ ನೀರಲ್ಲಿ ಹುಲ್ಲು, ಹಿಪ್ಪುನೇರಳೆ ಬೆಳೆಯುವುದು ಒಂದು, ಹಸಿಯಾಗಿ ತಿನ್ನುವ ಸೊಪ್ಪು ಬೆಳೆಯುವುದು ಇನ್ನೊಂದು. ಹಸಿ ತಿನ್ನುವ ಬೆಳೆಗೆ ಹಾಯಿಸುವ ನೀರಿನ 100 ಎಂ.ಎಲ್.ನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 1,000 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. ನಮ್ಮ ಮಾರ್ಕೆಟ್ಟಿಗೆ ಬರುವ ಕೊತ್ತಂಬರಿ, ಪುದೀನ ಯಾವ ನೀರಿನದು ಅಂತ ಕೇಳುವವರು ಇದ್ದಾರಾ? 2018ರಲ್ಲಿ ಅಮೆರಿಕದ ಯೂಮಾ ಪ್ರದೇಶದ ಲೆಟ್ಯೂಸ್ ತಿಂದು 210 ಜನ ಕಾಯಿಲೆ ಬಿದ್ದು 5 ಜನ ಸತ್ತಾಗ, ಅದೇ ತಳಿಯ ಬ್ಯಾಕ್ಟೀರಿಯಾ ಅಲ್ಲಿನ ನೀರಾವರಿ ಕಾಲುವೆಯಲ್ಲಿ ಸಿಕ್ಕಿತು. ಅವರು ಕಾಲುವೆಗೆ ಹೋಗಿ ನೋಡಿದ್ದರಿಂದ ಸಿಕ್ಕಿತು.

ಹೊಲ ದಾಟಿದ ಮೇಲೆ ಮಾರ್ಕೆಟ್. ಬೆಳಗಿನ ಜಾವ ಸಿಟಿ ಮಾರ್ಕೆಟ್ ಕಡೆ ಸೊಪ್ಪಿನ ಸಾಲಿಗೆ ಹೋದವರಿಗೆ ಇದು ಗೊತ್ತು. ಕಟ್ಟು ಬಾಡದಂತೆ ಆಗಾಗ ನೀರು ಚಿಮುಕಿಸುತ್ತಾರೆ, ಇಲ್ಲವೇ ಕಟ್ಟನ್ನೇ ತಲೆಕೆಳಗು ಮಾಡಿ ಬಕೆಟ್ಟಿಗೆ ಅದ್ದಿ ಎತ್ತಿ ಜಾಡಿಸುತ್ತಾರೆ. ಕೊತ್ತಂಬರಿ ತಕ್ಷಣ ಜೀವ ಬಂದಂತೆ ನಿಲ್ಲುತ್ತೆ, ಗಿರಾಕಿಗೂ ಖುಷಿ. ಬೆಳಿಗ್ಗೆಯಿಂದ ಅದೇ ಬಕೆಟ್, ಎಷ್ಟೋ ಕಟ್ಟುಗಳು. 2024ರ ಬೇಸಿಗೆಯಲ್ಲಿ ಊರಿಗೇ ಕುಡಿಯುವ ನೀರಿಲ್ಲದೆ ಟ್ಯಾಂಕರ್ ಹಿಂದೆ ಓಡುತ್ತಿದ್ದೆವು, ಅದೇ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕಾಲರಾ ಕೂಡ ಕಾಣಿಸಿಕೊಂಡಿತು. ಅಂಥ ಹೊತ್ತಲ್ಲಿ ಸೊಪ್ಪಿನ ಬಕೆಟ್ಟಿಗೆ ಯಾವ ನೀರು ಬಂದಿರಬಹುದು, ನೀವೇ ಊಹಿಸಿ.

ಫ್ರಿಜ್ ಬಗ್ಗೆ ಒಂದು ಮಾತು. ತಣ್ಣಗಿದ್ದರೆ ಹೆಚ್ಚಿನವು ನಿಧಾನವಾಗುತ್ತವೆ, ಅದು ನಿಜ. ಆದರೆ ಲಿಸ್ಟೀರಿಯಾ 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತಲೇ ಇರುತ್ತೆ. ಗರ್ಭಿಣಿಯರಿಗೆ ಅದು ಬಂದರೆ ತಾಯಿಗೆ ಬರೀ ಜ್ವರ ಬಂದಂತೆ ಕಂಡು ಮಗು ಉಳಿಯದೇ ಹೋಗಬಹುದು. ಹೀಗಿರುವಾಗ ಸಲಾಡ್ ಡಬ್ಬಿ ಮೇಲೆ ತಾರೀಖು ಮಾತ್ರ ಇದ್ದರೆ ಸಾಲದು. ಯಾವಾಗ ಹೆಚ್ಚಿದ್ದು ಅನ್ನುವ ಗಂಟೆ ಬೇಕು. "ಇಂದು ಬೆಳಿಗ್ಗೆ 5ಕ್ಕೆ ಹೆಚ್ಚಿದ್ದು, 5 ಡಿಗ್ರಿ ಒಳಗೆ ಇಡಿ" ಅಂತ ಕನ್ನಡದಲ್ಲಿ ಒಂದು ಸಾಲು ಇದ್ದರೆ ನನ್ನಮ್ಮನೂ ಓದಿ ತೀರ್ಮಾನ ಮಾಡಬಲ್ಲಳು. ಈಗ ಇರುವುದು ಏನು? "ಫಾರ್ಮ್ ಫ್ರೆಶ್", "ತೊಳೆಯಬೇಕಿಲ್ಲ, ಹಾಗೇ ತಿನ್ನಿ", ಒಂದು ಹಸಿರು ಎಲೆಯ ಚಿತ್ರ. ಹಾಗೇ ತಿನ್ನಿ ಅಂತ ಬರೆದವರು ತೊಳೆಯುವ ಜವಾಬ್ದಾರಿಯನ್ನು ತಾವು ಹೊತ್ತಿದ್ದಾರೆ ಅಂತಲೇ ಅರ್ಥ. ಆ ಮಾತು ಬರೆಯುವ ಪ್ರತಿಯೊಬ್ಬರ ತೊಟ್ಟಿಯ ಕ್ಲೋರಿನ್ ದಾಖಲೆ, ಕೋಲ್ಡ್ ರೂಮಿನ ತಾಪಮಾನದ ದಾಖಲೆ ನೀವು ಕೇಳಿ ನೋಡಿ. ಮೊದಲೇ ಹೇಳದೆ ಹೋಗಿ. ಸ್ಯಾಂಪಲ್ ಎತ್ತುವುದಾದರೆ ಕಾರ್ಖಾನೆಯ ಬಾಗಿಲಲ್ಲಿ ಎತ್ತಬೇಡಿ, ನಿಮ್ಮ ಅಧಿಕಾರಿಯ ಮನೆಗೆ ಆ್ಯಪ್‌ನಲ್ಲಿ ಆರ್ಡರ್ ಮಾಡಿಸಿ ಬಂದ ಡಬ್ಬಿಯನ್ನು ಎತ್ತಿ.

ದಯವಿಟ್ಟು ಇದನ್ನು ಓದಿ ನಾಳೆ ಬೆಳಿಗ್ಗೆ ಪಾರ್ಕ್ ಗೇಟಿನ ಮೇಜುಗಳನ್ನು ಎತ್ತಿಸಬೇಡಿ. ಇದು ನನ್ನ ನಿಜವಾದ ಭಯ. ಗೋಬಿ ಸಮಯದಲ್ಲಿ ಎಷ್ಟೋ ಕಡೆ ಆದದ್ದು ಅದೇ. ಬಣ್ಣ ಮಾರಿದವರು ಆರಾಮಾಗಿದ್ದರು, ಗಾಡಿಯವರು ಓಡಿದರು. ಮೊಳಕೆ ಮಾರುವವರಿಗೆ ಬೇಕಾದದ್ದು ನಾಲ್ಕು ವಸ್ತು. ಹತ್ತಿರದಲ್ಲೊಂದು ನಲ್ಲಿ, ಮುಚ್ಚಳ ಇರುವ ಐಸ್ ಪೆಟ್ಟಿ, ಕಾಳನ್ನು ಮೊಳಕೆ ಕಟ್ಟುವ ಮೊದಲು ಕ್ಲೋರಿನ್ ನೀರಲ್ಲಿ ನೆನೆಸಲು ತರಬೇತಿ, ಮಾರುವ ಮೊದಲು ಒಂದು ಸಲ ಹಬೆ ಕೊಡುವ ಪಾತ್ರೆ. ಪಾಲಿಕೆಯ ಜೊತೆ ಕೂತು ಮಾತಾಡಿದರೆ ಪಾರ್ಕ್ ಗೇಟಿಗೆ ಒಂದು ನಲ್ಲಿ ಹಾಕಿಸುವುದು ಆಗದ ಕೆಲಸವೇ? ಪಾರ್ಕಿನ ಒಳಗೆ ಗಿಡಗಳಿಗೆ ನೀರಿದೆ.

ನಮ್ಮ ರಾಜ್ಯಕ್ಕೆ ತಿಳಿವಳಿಕೆಯ ಕೊರತೆಯಂತೂ ಇಲ್ಲ. ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇದೆ, ಹೆಸರಘಟ್ಟದಲ್ಲಿ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆ ಇದೆ. ಹೆಚ್ಚಿದ ತರಕಾರಿ ಕೆಡದಂತೆ ಇಡುವುದು ಹೇಗೆ ಅಂತ ಇವರನ್ನು ಕೇಳಲು ಫ್ಲೈಟ್ ಹತ್ತಬೇಕಾಗಿಲ್ಲ. ಊರ ತುಂಬ ತೋಟಗಾರರ ಸಹಕಾರ ಸಂಘದ ಹಾಪ್‌ಕಾಮ್ಸ್ ಮಳಿಗೆಗಳಿವೆ. ಸರಿಯಾದ ನೀರು, ಸರಿಯಾದ ತಂಪು, ಹೆಚ್ಚಿದ ಗಂಟೆ ಬರೆದ ಚೀಟಿ, ಈ ಮೂರನ್ನು ಹಾಕಿ ಅಲ್ಲೇ ಮೊದಲು ಮಾಡಿ ತೋರಿಸಬಹುದು.

ಸಾರ್ವಜನಿಕರಿಗೂ ಒಂದು ವಿಷಯ ಹೇಳಬೇಕು, ಯಾಕೆಂದರೆ ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಗಿರಾಕಿಯೇ ತಾನು ಕೊಂಡ ಆಹಾರವನ್ನು ಸರ್ಕಾರಿ ಆಹಾರ ವಿಶ್ಲೇಷಕರ ಹತ್ತಿರ ಶುಲ್ಕ ಕೊಟ್ಟು ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಇದನ್ನು ತಿಳಿಸಬೇಕು. ತಪ್ಪು ಸಿಕ್ಕರೆ ಕಟ್ಟಿದ ಹಣ ವಾಪಸ್ ಬರುತ್ತೆ. ಆದರೆ ಆಯುಕ್ತರೇ, ಸಾಮಾನ್ಯ ಮನುಷ್ಯ ಸಲಾಡ್ ಡಬ್ಬಿಯನ್ನು ತಂಪಾಗಿ ಇಟ್ಟುಕೊಂಡು ಎಲ್ಲಿಗೆ ಹೋಗಬೇಕು, ಯಾರ ಕೈಗೆ ಕೊಡಬೇಕು, ಸೂಕ್ಷ್ಮಜೀವಿ ಪರೀಕ್ಷೆ ಜಿಲ್ಲೆಯ ಯಾವ ಲ್ಯಾಬ್‌ನಲ್ಲಿ ನಡೆಯುತ್ತೆ? ಇಷ್ಟನ್ನು ಒಂದು ಪುಟದಲ್ಲಿ, ಕನ್ನಡದಲ್ಲಿ, ವಿಳಾಸ ಸಮೇತ ಹಾಕಿಸಿ.

ಕೊನೆಗೆ ನನಗೆ ಉತ್ತರ ಬೇಕಾಗಿರುವುದು ಇಷ್ಟಕ್ಕೆ. ಕಳೆದ 3 ವರ್ಷಗಳಲ್ಲಿ ನಿಮ್ಮ ಇಲಾಖೆ ಕರ್ನಾಟಕದಲ್ಲಿ ಹೆಚ್ಚಿದ ತರಕಾರಿ, ಸಲಾಡ್, ಮೊಳಕೆಕಾಳುಗಳ ಎಷ್ಟು ಸ್ಯಾಂಪಲ್ ಎತ್ತಿದೆ? ಅದರಲ್ಲಿ ಎಷ್ಟನ್ನು ಬಣ್ಣಕ್ಕಲ್ಲದೆ ಬ್ಯಾಕ್ಟೀರಿಯಾಕ್ಕೆ ಪರೀಕ್ಷೆ ಮಾಡಿದೆ? ಫಲಿತಾಂಶ ಏನು ಬಂತು? ಗೋಬಿಯ ಲೆಕ್ಕವನ್ನು ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದರು, ಇದನ್ನೂ ಹಾಗೇ ಹೇಳಿ. ಮಾಹಿತಿ ಹಕ್ಕಿನ ಅರ್ಜಿ ಬರೆದು ಇಟ್ಟುಕೊಂಡಿದ್ದೇನೆ. ನೀವಾಗಿಯೇ ಹೇಳಿದರೆ ಅದನ್ನು ಹಾಕುವ ಕೆಲಸ ತಪ್ಪುತ್ತೆ.

ಇಂತಿ,
ಬೆಂಗಳೂರಿನ ಒಬ್ಬ ಲ್ಯಾಬ್ ನೌಕರಳು